ವೆಂಟಿಲೇಟರ್ ಪಕ್ಕ ನಿಲ್ಲುವವರು ಯಾರು? ಮಣಿಪಾಲದಲ್ಲೇ ಇರುವ ರೆಸ್ಪಿರೇಟರಿ ಥೆರಪಿ ಕೋರ್ಸ್ ಬಗ್ಗೆ ಸೇರುವ ಮೊದಲು ತಿಳಿಯಬೇಕಾದ್ದು

ಉಡುಪಿ: ಪಿಯುಸಿ ಫಲಿತಾಂಶ ಬಂದ ವಾರ ಜಿಲ್ಲೆಯ ಸೈಬರ್ ಸೆಂಟರ್, ಝೆರಾಕ್ಸ್ ಅಂಗಡಿಗಳಲ್ಲಿ ಕೇಳಿಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮಗಳು ಸೈನ್ಸ್ ಓದಿದ್ದಾಳೆ, ಎಂಬಿಬಿಎಸ್ ಸಿಗುವಷ್ಟು ನೀಟ್ ಅಂಕ ಇಲ್ಲ, ಮುಂದೇನು? ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ಟೆಕ್ನಿಷಿಯನ್ ಎಲ್ಲರಿಗೂ ಗೊತ್ತಿರುವ ಹೆಸರುಗಳು. ಪಟ್ಟಿಯಲ್ಲಿ ಇನ್ನೂ ಕೆಳಗೆ ಹೋದರೆ 'ಬಿಎಸ್ಸಿ ರೆಸ್ಪಿರೇಟರಿ ಥೆರಪಿ' ಅಂತ ಒಂದು ಸಾಲು ಇರುತ್ತದೆ. ಹೆಚ್ಚಿನವರು ಅದನ್ನು ಓದಿ ಹಾಗೇ ದಾಟಿ ಹೋಗುತ್ತಾರೆ. ಇನ್ನು ಕೆಲವರು ಉಳಿದ ಸೀಟು ಸಿಗಲಿಲ್ಲ ಅಂತ, ಅದೇನೆಂದು ತಿಳಿಯದೆಯೇ ಸೇರಿಬಿಡುತ್ತಾರೆ. ಎರಡೂ ಸರಿಯಲ್ಲ. ನಾಲ್ಕು ವರ್ಷದ ಕೋರ್ಸ್ ಇದು, ಮನೆಯ ಉಳಿತಾಯ ಹಾಕಿ ಓದಿಸುವಂಥದ್ದು, ಮುಂದೆ ಕೈಗೆ ಬರುವ ಕೆಲಸವೋ ಒಬ್ಬರ ಪ್ರಾಣದ್ದು.

ಕೆಲಸ ಏನು?

ರೋಗಿಗೆ ತಾನಾಗಿ ಉಸಿರಾಡಲು ಆಗದಾಗ, ಅಥವಾ ಉಸಿರಾಡಿದರೂ ಅದು ದೇಹಕ್ಕೆ ಸಾಲದಾಗ, ವೈದ್ಯರ ಸೂಚನೆಯಂತೆ ಆ ಉಸಿರನ್ನು ಕಾಯುವವರೇ ರೆಸ್ಪಿರೇಟರಿ ಥೆರಪಿಸ್ಟ್. ವೆಂಟಿಲೇಟರ್ ಜೋಡಿಸುವುದು, ಅದು ರೋಗಿಗೆ ಹೊಂದುತ್ತಿದೆಯೇ ಎಂದು ನೋಡಿ ತಿದ್ದುವುದು, ಗಂಟಲ ಟ್ಯೂಬಿನಲ್ಲಿ ಕಟ್ಟಿದ ಕಫ ತೆಗೆಯುವುದು, ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಅದರಲ್ಲಿ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಪರೀಕ್ಷಿಸುವುದು, ಕೊನೆಗೆ ರೋಗಿಯನ್ನು ನಿಧಾನವಾಗಿ ಮೆಷಿನಿನಿಂದ ಬಿಡಿಸುವುದು, ಇವೆಲ್ಲ ಐಸಿಯು ಒಳಗಿನ ಕೆಲಸ. ಹೊರಗೂ ಉಂಟು. ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ, ಬ್ರಾಂಕೋಸ್ಕೋಪಿಗೆ ನೆರವು, ಗೊರಕೆ ಮತ್ತು ನಿದ್ದೆಯಲ್ಲಿ ಉಸಿರುಕಟ್ಟುವವರ ಪರೀಕ್ಷೆ, ದಮ್ಮಿನವರಿಗೆ ಇನ್‌ಹೇಲರ್ ಕಲಿಸುವುದು, ವೆಂಟಿಲೇಟರ್‌ನಲ್ಲಿರುವ ರೋಗಿಯನ್ನು ಆ್ಯಂಬುಲೆನ್ಸಿನಲ್ಲಿ ಇನ್ನೊಂದು ಆಸ್ಪತ್ರೆಗೆ ಸಾಗಿಸುವುದು.

ಇವರು ಡಾಕ್ಟರ್ ಅಲ್ಲ, ನರ್ಸ್ ಅಲ್ಲ, ಎದೆ ತಟ್ಟಿ ಕಫ ಸಡಿಲಿಸುವ ಫಿಸಿಯೋಥೆರಪಿಸ್ಟೂ ಅಲ್ಲ. ಆಪರೇಷನ್ ಥಿಯೇಟರಿನ ಅರಿವಳಿಕೆ ಟೆಕ್ನಾಲಜಿಸ್ಟ್ ಜತೆ ಇವರನ್ನು ಗೊಂದಲ ಮಾಡಿಕೊಳ್ಳುವವರೇ ಜಾಸ್ತಿ. ಅವರು ಶಸ್ತ್ರಚಿಕಿತ್ಸೆ ನಡೆಯುವಷ್ಟು ಹೊತ್ತು ಅರಿವಳಿಕೆ ತಜ್ಞರ ಜತೆ ಇರುವವರು. ಇವರು ಅದೇ ರೋಗಿ ದಿನಗಟ್ಟಲೆ ಐಸಿಯುನಲ್ಲಿ ಮಲಗಿದ್ದಾಗ ಉಸಿರು ನೋಡಿಕೊಳ್ಳುವವರು.

ಮೆಷಿನ್ ಇದ್ದರೆ ಸಾಲದೇ?

ಸಾಲದು. ಇದನ್ನು ದೇಶ ಇತ್ತೀಚೆಗಷ್ಟೇ ಕಲಿತಿದೆ. 2020ರಲ್ಲಿ ಕೋವಿಡ್ ಬಂದಾಗ ಪಿಎಂ ಕೇರ್ಸ್ ನಿಧಿಯಿಂದ 50,000 ವೆಂಟಿಲೇಟರ್‌ಗಳಿಗೆ ಸುಮಾರು 2,000 ಕೋಟಿ ರೂ. ತೆಗೆದಿಡಲಾಯಿತು. ಮಷಿನುಗಳು ಜಿಲ್ಲೆ ಜಿಲ್ಲೆಗೂ ಬಂದವು. ಮರುವರ್ಷ ಮೇ ತಿಂಗಳಲ್ಲಿ ಎರಡನೇ ಅಲೆ ಜೋರಾಗಿದ್ದಾಗ, ಕೆಲವು ರಾಜ್ಯಗಳಲ್ಲಿ ಅವು ಬಳಕೆಯಾಗದೆ ಬಿದ್ದಿವೆ ಎಂಬ ವರದಿಗಳು ಬಂದವು. ವೆಂಟಿಲೇಟರ್‌ಗಳ ಅಳವಡಿಕೆ, ಕಾರ್ಯಾಚರಣೆಯ ಬಗ್ಗೆ ಆಡಿಟ್ ನಡೆಸುವಂತೆ, ಬೇಕಿದ್ದರೆ ಸಿಬ್ಬಂದಿಗೆ ಮತ್ತೊಮ್ಮೆ ತರಬೇತಿ ಕೊಡುವಂತೆ ಪ್ರಧಾನಿಯವರೇ ಸೂಚಿಸಬೇಕಾಯಿತು. ಕೆಲವು ಕಡೆ ಮೆಷಿನ್ ಕೆಟ್ಟದ್ದು ನಿಜ. ಆದರೆ ಕೆಟ್ಟಿಲ್ಲದ ಮೆಷಿನಿಗೂ ಪಕ್ಕದಲ್ಲಿ ತಿಳಿದವರೊಬ್ಬರು ಬೇಕು, ಅದೂ 24 ಗಂಟೆ. ಟೆಂಡರ್ ಕರೆದರೆ ಮೆಷಿನ್ ಮೂರು ತಿಂಗಳಲ್ಲಿ ಬರುತ್ತದೆ, ಮನುಷ್ಯ ತಯಾರಾಗಲು ನಾಲ್ಕು ವರ್ಷ ಬೇಕು.

ಇದಕ್ಕೂ ಹಳೆಯ ಒಂದು ಉದಾಹರಣೆ ಇದೆ, ಐಸಿಯು ಎಂಬುದು ಹುಟ್ಟಿದ್ದೇ ಅಲ್ಲಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿ, ಉಸಿರಾಟದ ಸ್ನಾಯುಗಳೇ ಸೋತ ರೋಗಿಗಳು ಬ್ಲೆಗ್ಡಾಮ್ ಆಸ್ಪತ್ರೆಗೆ ಸಾಲುಗಟ್ಟಿದರು. ಅಂಥವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಬಿಯಾರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಗಂಟಲಿಗೆ ರಂಧ್ರ ಮಾಡಿ, ಟ್ಯೂಬ್ ಹಾಕಿ, ರಬ್ಬರ್ ಚೀಲವನ್ನು ಕೈಯಲ್ಲಿ ಒತ್ತಿ ಉಸಿರು ಕೊಡಬಹುದು ಎಂದು ತೋರಿಸಿದರು. ಒತ್ತುವುದು ಯಾರು? ಸುಮಾರು 1,500 ವೈದ್ಯಕೀಯ, ದಂತ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕುಳಿತು, ಹಗಲು ರಾತ್ರಿ, ವಾರಗಟ್ಟಲೆ ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಅಮೆರಿಕದಲ್ಲಿ ಆ ಹೊತ್ತಿಗಾಗಲೇ ಆಮ್ಲಜನಕ ಸಿಲಿಂಡರ್ ಎಳೆದೊಯ್ಯುವ ಆಸ್ಪತ್ರೆ ನೌಕರರು ಸೇರಿ 1947ರಲ್ಲಿ ಒಂದು ಸಂಘ ಕಟ್ಟಿಕೊಂಡಿದ್ದರು. ಅದೇ ಬೆಳೆದು ಇಂದಿನ ರೆಸ್ಪಿರೇಟರಿ ಥೆರಪಿ ವೃತ್ತಿಯಾಯಿತು.

ಕೋಪನ್‌ಹೇಗನ್‌ನ ಮರುವರ್ಷ, 1953ರಲ್ಲಿ, ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಬೋಳುಗುಡ್ಡೆಯಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದ್ದು. ಎರಡಕ್ಕೂ ಸಂಬಂಧ ಏನೂ ಇಲ್ಲ. ಆದರೆ ದೇಶದಲ್ಲಿ ಈ ವೃತ್ತಿಗೆ ಪದವಿ ಮಟ್ಟದ ತರಬೇತಿ ಗಟ್ಟಿಯಾಗಿ ಬೇರೂರಿದ ಊರುಗಳ ಪಟ್ಟಿ ಮಾಡಿದರೆ ಮಣಿಪಾಲದ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ದೂರದ ರಾಜ್ಯಗಳ ಮಕ್ಕಳು ರೈಲು ಹತ್ತಿ ಇಲ್ಲಿಗೆ ಬಂದು ಕಲಿಯುತ್ತಾರೆ. ಕಾಪು, ಕಾರ್ಕಳದವರಿಗೆ ಮಾತ್ರ ಹೆಸರು ಹೊಸತು!

ಮಣಿಪಾಲದ ಕೋರ್ಸ್

ಮಾಹೆ ವಿಶ್ವವಿದ್ಯಾಲಯದ ಅಡಿಯ ಮಣಿಪಾಲ್ ಕಾಲೇಜ್ ಆಫ್ ಹೆಲ್ತ್ ಪ್ರೊಫೆಶನ್ಸ್‌ನಲ್ಲಿ ರೆಸ್ಪಿರೇಟರಿ ಥೆರಪಿ ವಿಭಾಗ ಇದೆ. ಹಳಬರಿಗೆ ಇದು 'ಅಲೈಡ್ ಹೆಲ್ತ್' ಕಾಲೇಜು ಅಂದರೆ ಬೇಗ ಗುರುತು ಸಿಗುತ್ತದೆ. ಬಿಎಸ್ಸಿ ನಾಲ್ಕು ವರ್ಷ, ಅದರಲ್ಲಿ ಕೊನೆಯ ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಮುಂದೆ ಎರಡು ವರ್ಷದ ಎಂಎಸ್ಸಿಯೂ ಇದೆ. ಅಲ್ಲಿ ವಯಸ್ಕರ ಐಸಿಯು ಕಡೆಗೋ, ನವಜಾತ ಶಿಶು ಮತ್ತು ಮಕ್ಕಳ ಕಡೆಗೋ ಒಂದನ್ನು ಹಿಡಿಯಬೇಕು.

ಮಣಿಪಾಲ ಬಿಟ್ಟರೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಲ್ಲಿ ಇದೇ ಜಾತಿಯ ಪದವಿ 'ಬಿಎಸ್ಸಿ ರೆಸ್ಪಿರೇಟರಿ ಕೇರ್ ಟೆಕ್ನಾಲಜಿ' ಎಂಬ ಹೆಸರಿನಲ್ಲಿ ಇದೆ. ಹೆಸರು ಬೇರೆಯಾದರೂ ಕೆಲಸ ಅದೇ. ಸರಕಾರಿ ಕೋಟಾದ ಸೀಟು ನೋಡುವವರು ಕೆಇಎ ಪ್ರಕಟಣೆಗಳನ್ನು ಬಿಡದೆ ಗಮನಿಸಬೇಕು. ನೀಟ್, ಸಿಇಟಿ ಗಲಾಟೆಯ ನಡುವೆ ಈ ಕೋರ್ಸ್‌ಗಳ ದಿನಾಂಕ ಸದ್ದಿಲ್ಲದೆ ಬಂದು ಹೋಗಿಬಿಡುತ್ತದೆ.

ಇನ್ನೊಂದು ಎಚ್ಚರಿಕೆ. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮೇಲೆ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾಗಳು ಬೇರೆ. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಟೆಕ್ನಾಲಜಿ ಎಲ್ಲ ಅದರಲ್ಲಿ ಬರುತ್ತವೆ. 'ಒಟಿ ಡಿಪ್ಲೊಮಾ ಮಾಡಿದರೆ ವೆಂಟಿಲೇಟರ್ ಕೆಲಸವೂ ಸಿಗುತ್ತದೆ, ಎರಡೂ ಒಂದೇ' ಅಂತ ಯಾರಾದರೂ ಏಜೆಂಟ್ ಹೇಳಿದರೆ ನಂಬಬಾರದು.

ಓದುವುದು ಏನನ್ನು?

ಮೊದಲ ವರ್ಷ ಶರೀರ ರಚನೆ, ಶರೀರ ಕ್ರಿಯೆ, ಜೀವರಸಾಯನ, ಸೂಕ್ಷ್ಮಜೀವಿ ಶಾಸ್ತ್ರ. ಇದು ಎಲ್ಲ ಆರೋಗ್ಯ ಕೋರ್ಸ್‌ಗಳಿಗೂ ಸಮಾನ. ಆಮೇಲೆ ಗಾಳಿಯ ಭೌತಶಾಸ್ತ್ರ ಶುರು. ಪಿಯುಸಿಯಲ್ಲಿ ಬಾಯ್ಲ್ ನಿಯಮ ಕಂಠಪಾಠ ಮಾಡಿ ಮರೆತವರಿಗೆ ಇಲ್ಲಿ ಅದು ಮತ್ತೆ ಎದುರಾಗುತ್ತದೆ, ಈ ಸಲ ಪರೀಕ್ಷೆಗಾಗಿ ಅಲ್ಲ.

ಸಿಲಿಂಡರ್ ಲೆಕ್ಕವನ್ನೇ ತೆಗೆದುಕೊಳ್ಳಿ. ಆಸ್ಪತ್ರೆಗಳಲ್ಲಿ ಕಾಣುವ ದೊಡ್ಡ ಡಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 2 ಲೀಟರ್ ಬಿಟ್ಟರೆ 58 ಗಂಟೆ ಬರುತ್ತದೆ. 10 ಲೀಟರ್ ಬಿಟ್ಟರೆ 12 ಗಂಟೆಯೂ ಪೂರ್ತಿ ಇಲ್ಲ. ಕೋವಿಡ್ ಕಾಲದಲ್ಲಿ ಹೆಸರು ಮಾಡಿದ ಹೈ-ಫ್ಲೋ ಮೆಷಿನ್ ನಿಮಿಷಕ್ಕೆ 60 ಲೀಟರ್ ಪೂರ್ಣ ಆಮ್ಲಜನಕ ಎಳೆದರೆ ಅದೇ ಸಿಲಿಂಡರ್ ಎರಡು ಗಂಟೆಯೊಳಗೆ ಖಾಲಿ. 2021ರ ಮೇ ಮೊದಲ ವಾರ ಚಾಮರಾಜನಗರದ ಆಸ್ಪತ್ರೆಯಲ್ಲಿ 24 ಮಂದಿ ಸತ್ತ ಸುದ್ದಿ ಓದಿದವರಿಗೆ ಈ ಲೆಕ್ಕದ ತೂಕ ಹೇಳಿ ತಿಳಿಸಬೇಕಾಗಿಲ್ಲ. ಕಾರ್ಕಳದಿಂದ ಮಣಿಪಾಲಕ್ಕೆ ರೋಗಿಯನ್ನು ಕರೆತರುವಾಗ ಆ್ಯಂಬುಲೆನ್ಸಿನಲ್ಲಿ ಇರುವುದು ಸಣ್ಣ ಬಿ-ಟೈಪ್ ಆಗಿದ್ದರೆ ಅದರಲ್ಲಿ ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರಿನಂತೆ ಎರಡೂವರೆ ಗಂಟೆ, ಅದೂ ಪೂರ್ತಿ ತುಂಬಿದ್ದರೆ. ಹೊರಡುವ ಮೊದಲು ಗೇಜ್ ನೋಡಿ ಈ ಲೆಕ್ಕ ಮನಸ್ಸಲ್ಲೇ ಹಾಕುವುದು ಥೆರಪಿಸ್ಟ್ ಕಲಿಯುವ ಮೊದಲ ಪಾಠಗಳಲ್ಲಿ ಒಂದು.

ಎರಡನೇ ಲೆಕ್ಕ ಇನ್ನೂ ಸೂಕ್ಷ್ಮ. ವೆಂಟಿಲೇಟರ್ ಒಂದು ಉಸಿರಿಗೆ ಎಷ್ಟು ಗಾಳಿ ತಳ್ಳಬೇಕು? ಐದು ಅಡಿ ಎತ್ತರದ, 80 ಕಿಲೋ ತೂಕದ ಮಹಿಳೆ ಅಂದುಕೊಳ್ಳಿ. ಶ್ವಾಸಕೋಶ ತೀವ್ರವಾಗಿ ಹಾಳಾಗಿದೆ. ಕಿಲೋಗೆ 6 ಮಿಲಿಲೀಟರ್ ಎಂಬ ನಿಯಮವನ್ನು ತಕ್ಕಡಿಯ ತೂಕಕ್ಕೆ ಹಚ್ಚಿದರೆ 480 ಮಿ.ಲೀ. ಆಗುತ್ತದೆ. ಅದು ತಪ್ಪು. ದಪ್ಪಗಾದರೆ ಹೊಟ್ಟೆ ಬೆಳೆಯುತ್ತದೆ, ಶ್ವಾಸಕೋಶ ಬೆಳೆಯುವುದಿಲ್ಲ. ಹಾಗಾಗಿ ಲೆಕ್ಕ ಹಾಕುವುದು ಎತ್ತರದಿಂದ. ಐದು ಅಡಿಯ ಮಹಿಳೆಗೆ ಲೆಕ್ಕದ ತೂಕ 45.5 ಕಿಲೋ, ಕೊಡಬೇಕಾದ ಗಾಳಿ 273 ಮಿ.ಲೀ. ಉಳಿದ 200 ಮಿ.ಲೀ. ಒಳ್ಳೆಯದು ಮಾಡುವುದಿಲ್ಲ, ಮೊದಲೇ ನೊಂದ ಶ್ವಾಸಕೋಶವನ್ನು ಪ್ರತಿ ಉಸಿರಿಗೂ ಹಿಗ್ಗಿಸಿ ಹರಿಯುತ್ತದೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಪ್ರಕಟವಾದ, 861 ರೋಗಿಗಳ ಮೇಲಿನ ಅಧ್ಯಯನದಲ್ಲಿ ಕಿಲೋಗೆ 12 ಮಿ.ಲೀ. ಕೊಟ್ಟವರಲ್ಲಿ ಶೇ. 39.8 ಮಂದಿ ಸತ್ತರೆ, 6 ಮಿ.ಲೀ. ಕೊಟ್ಟವರಲ್ಲಿ ಶೇ. 31. ಮೆಷಿನ್ ಅದೇ, ಔಷಧ ಅದೇ, ಬದಲಾದ್ದು ಗುಂಡಿ ತಿರುಗಿಸಿದ ಲೆಕ್ಕ.

ನವಜಾತ ಶಿಶುಗಳ ವಿಭಾಗದಲ್ಲಿ ಇದು ಚಮಚದ ಲೆಕ್ಕಕ್ಕೆ ಇಳಿಯುತ್ತದೆ. ಒಂದು ಕಿಲೋ ತೂಕದ, ತಿಂಗಳು ತುಂಬದೆ ಹುಟ್ಟಿದ ಮಗುವಿನ ಒಂದು ಉಸಿರು ಅಂದರೆ ಸುಮಾರು 5 ಮಿ.ಲೀ., ಒಂದು ಟೀ ಚಮಚ. ಅಲ್ಲಿ ಆಮ್ಲಜನಕ ಕಮ್ಮಿಯಾದರೆ ಮಿದುಳಿಗೆ ಅಪಾಯ, ಜಾಸ್ತಿಯಾದರೆ ಕಣ್ಣಿಗೆ ಅಪಾಯ. ದೊಡ್ಡವರಲ್ಲೂ 'ಹೆಚ್ಚು ಕೊಟ್ಟರೆ ಒಳ್ಳೆಯದು' ಎಂಬುದು ಯಾವಾಗಲೂ ನಿಜವಲ್ಲ. ವರ್ಷಗಟ್ಟಲೆ ಬೀಡಿ, ಸಿಗರೇಟು ಸೇದಿ ಸಿಒಪಿಡಿ ಬಂದವರಿಗೆ ಆಕ್ಸಿಮೀಟರ್ 88ರಿಂದ 92 ತೋರಿಸುವಷ್ಟೇ ಸಾಕು ಅಂತ ವೈದ್ಯರು ಹೇಳುತ್ತಾರೆ. ಮನೆಯವರು ಗಾಬರಿಯಿಂದ 98 ಮಾಡಲು ಹೋದರೆ ಇಂಗಾಲದ ಡೈಆಕ್ಸೈಡ್ ಒಳಗೇ ಸೇರಿ ರೋಗಿ ಮಂಪರಿಗೆ ಜಾರುವ ಅಪಾಯ ಉಂಟು.

ಬಿಡಿಸುವುದು ಹಾಕುವುದಕ್ಕಿಂತ ಕಷ್ಟ. ರೋಗಿ ಮೆಷಿನಿಲ್ಲದೆ ಇರಬಲ್ಲರೇ ಎಂದು ನೋಡಲು ನೆರವು ತಗ್ಗಿಸಿ 30 ನಿಮಿಷದಿಂದ ಎರಡು ಗಂಟೆ ಪಕ್ಕದಲ್ಲಿದ್ದು ಗಮನಿಸುತ್ತಾರೆ. ಉಸಿರಿನ ವೇಗ, ಬೆವರು, ಕತ್ತಿನ ಸ್ನಾಯು, ಕಣ್ಣಿನ ಭಯ, ಎಲ್ಲ ನೋಡಬೇಕು. ಒಂದು ದಿನ ತಡವಾಗಿ ಬಿಡಿಸಿದರೆ ಸೋಂಕಿನ ಅಪಾಯವೂ ಬಿಲ್ಲೂ ಏರುತ್ತದೆ, ಅವಸರ ಮಾಡಿದರೆ ಮತ್ತೆ ಟ್ಯೂಬ್ ಹಾಕಬೇಕಾಗುತ್ತದೆ.

ಯಾರಿಗೆ ಆಗದು

ಇದನ್ನು ಪ್ರಾಸ್ಪೆಕ್ಟಸ್‌ನಲ್ಲಿ ಯಾರೂ ಬರೆಯುವುದಿಲ್ಲ. ಕಫ ಕಂಡರೆ ವಾಕರಿಕೆ ಬರುವವರಿಗೆ ಮೊದಲ ತಿಂಗಳು ಕಷ್ಟ, ಹೆಚ್ಚಿನವರು ಹೊಂದಿಕೊಳ್ಳುತ್ತಾರೆ. ಅಲಾರ್ಮ್ ಸದ್ದಿನ ನಡುವೆ ತಲೆ ತಣ್ಣಗಿಡಲು ಆಗದವರಿಗೆ ಇದು ನಿಜಕ್ಕೂ ಸರಿಬರುವ ಕೆಲಸ ಅಲ್ಲ. ಸಾವು ನೋಡಬೇಕಾಗುತ್ತದೆ, ಕೆಲವು ಸಲ ಒಂದೇ ಪಾಳಿಯಲ್ಲಿ ಎರಡು. ಟಿಬಿ, ಫ್ಲೂ ರೋಗಿಗಳ ಉಸಿರಿಗೆ ಅತಿ ಹತ್ತಿರ ನಿಲ್ಲುವವರು ಇವರೇ, ಹಾಗಾಗಿ ಮಾಸ್ಕ್ ಶಿಸ್ತು ಸಡಿಲ ಬಿಡುವಂತಿಲ್ಲ. ಹೆಪಟೈಟಿಸ್-ಬಿ ಲಸಿಕೆ ಮೊದಲೇ ಹಾಕಿಸಿಕೊಳ್ಳುವುದು ಒಳ್ಳೆಯದು.

ರಾತ್ರಿ ಪಾಳಿ ತಪ್ಪುವುದಿಲ್ಲ. ಕಾಪುವಿನಿಂದ ಹಗಲು ತರಗತಿಗೆ ಎಕ್ಸ್‌ಪ್ರೆಸ್ ಬಸ್ ಹತ್ತಿ ಬಂದು ಹೋಗಬಹುದು, ಹಾಸ್ಟೆಲ್ ಖರ್ಚು ಉಳಿಯುತ್ತದೆ. ಕಾರ್ಕಳದಿಂದ ಬೈಲೂರು, ಹಿರಿಯಡ್ಕ ದಾರಿಯಲ್ಲಿ ಬರುವವರಿಗೂ ಮೊದಲ ಎರಡು ವರ್ಷ ಹೇಗೋ ನಡೆದೀತು. ಕ್ಲಿನಿಕಲ್ ಪಾಳಿ, ಇಂಟರ್ನ್‌ಶಿಪ್ ಶುರುವಾದ ಮೇಲೆ ಕೊನೆಯ ಬಸ್ಸಿನ ಸಮಯಕ್ಕೂ ಪಾಳಿ ಮುಗಿಯುವ ಸಮಯಕ್ಕೂ ತಾಳೆಯಾಗುವುದಿಲ್ಲ. ಮಳೆಗಾಲದ ರಾತ್ರಿ ಸ್ಕೂಟರಿನಲ್ಲಿ ಹೋಗಿ ಬರುವೆ ಅನ್ನುವ ಲೆಕ್ಕ ಬೇಡ. ಕೊನೆಯ ಎರಡು ವರ್ಷಕ್ಕೆ ಮಣಿಪಾಲದಲ್ಲೇ ರೂಮ್ ಅಥವಾ ಪಿಜಿ ಖರ್ಚನ್ನು ಮೊದಲೇ ಬಜೆಟ್‌ಗೆ ಸೇರಿಸಿಡಬೇಕು.

ಹಣದ ಲೆಕ್ಕ

ಖಾಸಗಿ ವಿಶ್ವವಿದ್ಯಾಲಯದ ಫೀಸು ವರ್ಷ ವರ್ಷ ಬದಲಾಗುತ್ತದೆ. ವೆಬ್‌ಸೈಟಿನಲ್ಲಿ ಕಾಣುವ ಮೊದಲ ವರ್ಷದ ಮೊತ್ತವನ್ನು ನಾಲ್ಕರಿಂದ ಗುಣಿಸಿದರೆ ಮುಗಿಯಿತು ಅಂದುಕೊಳ್ಳಬಾರದು. ಹಾಸ್ಟೆಲ್, ಊಟ, ಪರೀಕ್ಷಾ ಶುಲ್ಕ, ಸಮವಸ್ತ್ರ, ಪುಸ್ತಕ ಬೇರೆ. ಇಂಟರ್ನ್‌ಶಿಪ್ ವರ್ಷಕ್ಕೆ ಫೀಸು ಉಂಟೇ, ಸ್ಟೈಪೆಂಡ್ ಉಂಟೇ ಎಂದು ಪ್ರವೇಶ ಕಚೇರಿಯಲ್ಲಿ ನೇರವಾಗಿ ಕೇಳಿ, ಬರಹದಲ್ಲಿ ತೆಗೆದುಕೊಳ್ಳಬೇಕು. ಈ ಒಂದು ಪ್ರಶ್ನೆ ಕೇಳದವರೇ ಜಾಸ್ತಿ.

ಶಿಕ್ಷಣ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷ ರೂ. ತನಕ ಜಾಮೀನು ಆಸ್ತಿ ಕೇಳುವಂತಿಲ್ಲ. ಕೇಂದ್ರದ ಸಾಲ ಖಾತರಿ ನಿಧಿಗೆ ಒಳಪಟ್ಟರೆ ಈ ಮಿತಿ 7.5 ಲಕ್ಷ. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಕೈಲಾದರೆ ತಿಂಗಳ ಬಡ್ಡಿಯನ್ನಾದರೂ ಕಟ್ಟುತ್ತಾ ಹೋಗುವುದು ಲೇಸು. ಐಟಿ ರಿಟರ್ನ್ ಸಲ್ಲಿಸುವ ಅಂಗಡಿಯವರು ಗಮನಿಸಬೇಕಾದ್ದು: ಶಿಕ್ಷಣ ಸಾಲದ ಬಡ್ಡಿಗೆ 80ಇ ಅಡಿ ವಿನಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪಂಗಡ, ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನ, ನಿಗಮಗಳ ಅರಿವು ಸಾಲ ಇದೆ. ಆಯಾ ಕಾಲೇಜು, ಆಯಾ ಕೋರ್ಸ್‌ಗೆ ಅನ್ವಯವಾಗುತ್ತದೆಯೇ ಎಂದು ಸೀಟು ಹಿಡಿಯುವ ಮೊದಲೇ ತಾಲೂಕು ಕಚೇರಿಯಲ್ಲಿ ವಿಚಾರಿಸಬೇಕು, ಸೇರಿದ ಮೇಲೆ ಅಲ್ಲ. 1928ರಲ್ಲೇ ಮನೆ ಬಾಗಿಲಿಗೆ ಬಂದು ಪಿಗ್ಮಿ ಸಂಗ್ರಹಿಸಿದ ಬ್ಯಾಂಕ್ ಹುಟ್ಟಿದ ಊರಿದು, ಸಾಲ ಕೇಳಲು ಸಂಕೋಚ ಬೇಡ.

ಕಾನೂನು ಏನು ಹೇಳುತ್ತದೆ

ಬಹಳ ವರ್ಷ ಈ ವೃತ್ತಿಗೆ ದೇಶದಲ್ಲಿ ಮಂಡಳಿಯೇ ಇರಲಿಲ್ಲ. ವೈದ್ಯರಿಗೆ, ದಾದಿಯರಿಗೆ, ಔಷಧ ಅಂಗಡಿಯ ಫಾರ್ಮಸಿಸ್ಟ್‌ಗೆ ಕೌನ್ಸಿಲ್ ಇತ್ತು, ಇವರಿಗೆ ಇಲ್ಲ. 2021ರ ಮಾರ್ಚ್‌ನಲ್ಲಿ ಸಂಸತ್ತು ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ವೃತ್ತಿಗಳನ್ನು 10 ವರ್ಗಗಳಾಗಿ ವಿಂಗಡಿಸಿದ ಅದರ ಪಟ್ಟಿಯಲ್ಲಿ ಈ ಕೆಲಸಕ್ಕೆ 'ರೆಸ್ಪಿರೇಟರಿ ಟೆಕ್ನಾಲಜಿಸ್ಟ್' ಎಂಬ ಹೆಸರಿದೆ. ಥೆರಪಿಸ್ಟ್ ಎಂಬ ಪದ ಹುಡುಕಿ ಸಿಗಲಿಲ್ಲ ಅಂತ ಹೆದರಬೇಕಿಲ್ಲ. ಆರೋಗ್ಯ ಸೇವಾ ವೃತ್ತಿಪರ ಅನ್ನಿಸಿಕೊಳ್ಳಲು ಮೂರರಿಂದ ಆರು ವರ್ಷದಲ್ಲಿ ಕನಿಷ್ಠ 3,600 ಗಂಟೆಯ ಪದವಿ ಬೇಕು ಎಂದು ಕಾಯ್ದೆ ಹೇಳುತ್ತದೆ. ಸಹಾಯಕ ವೃತ್ತಿಪರರಿಗೆ ಕನಿಷ್ಠ 2,000 ಗಂಟೆ. ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಕೌನ್ಸಿಲ್, ಎರಡು ಕಡೆಯೂ ನೋಂದಣಿ ಪುಸ್ತಕ.

ಇದರ ಅರ್ಥ, 'ಆರು ತಿಂಗಳಲ್ಲಿ ವೆಂಟಿಲೇಟರ್ ಟೆಕ್ನಿಷಿಯನ್' ಅಂತ ಬ್ಯಾನರ್ ಹಾಕಿ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳ ಕಾಗದ ಮುಂದೆ ನೋಂದಣಿಗೆ ಬರುವುದಿಲ್ಲ. ಯುಜಿಸಿ ಮಾನ್ಯತೆ ಇರುವ ವಿಶ್ವವಿದ್ಯಾಲಯದ ಪದವಿ ಹೌದೇ, ಆಯೋಗ ಹೇಳಿದ ಪಠ್ಯಕ್ರಮ ಹೌದೇ, ಕಲಿಸಲು ರೆಸ್ಪಿರೇಟರಿ ಥೆರಪಿಯಲ್ಲೇ ಪದವಿ ಪಡೆದ ಅಧ್ಯಾಪಕರು ಇದ್ದಾರೆಯೇ, ವೆಂಟಿಲೇಟರ್ ಇರುವ ಐಸಿಯು ಸ್ವಂತ ಆಸ್ಪತ್ರೆಯಲ್ಲಿದೆಯೇ ಅಥವಾ ಬೇರೆ ಕಡೆ ಕಳಿಸುತ್ತಾರೆಯೇ, ಈ ನಾಲ್ಕಕ್ಕೆ ಉತ್ತರ ಸಿಗದ ಕಡೆ ಅಡ್ವಾನ್ಸ್ ಕಟ್ಟಬಾರದು. ಕೊನೆಯದು ಬಹಳ ಮುಖ್ಯ. ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆಯ ಕಸ್ತೂರ್ಬಾ ಆಸ್ಪತ್ರೆಯಂಥ ಕಡೆ ವಿದ್ಯಾರ್ಥಿ ಒಂದು ತಿಂಗಳಲ್ಲಿ ನೋಡುವಷ್ಟು ರೋಗಿಗಳನ್ನು ಸಣ್ಣ ಆಸ್ಪತ್ರೆಯಲ್ಲಿ ಒಂದು ವರ್ಷದಲ್ಲೂ ನೋಡಲಿಕ್ಕಿಲ್ಲ.

ಕೆಲಸ ಎಲ್ಲಿ?

ಇಲ್ಲಿ ಸಿಹಿ ಮಾತು ಬೇಡ. ಬೆಂಗಳೂರು, ಹೈದರಾಬಾದ್, ಕೊಚ್ಚಿಯಂಥ ನಗರಗಳ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಬೇಡಿಕೆ ಇದೆ. ವೆಂಟಿಲೇಟರ್, ಸಿಪ್ಯಾಪ್ ತಯಾರಿಸುವ ಕಂಪೆನಿಗಳು ಮೆಷಿನ್ ಬಳಕೆ ಕಲಿಸಲು ಇವರನ್ನು ತೆಗೆದುಕೊಳ್ಳುತ್ತವೆ. ಬೋಧನೆ, ಸಂಶೋಧನೆಯ ದಾರಿಯೂ ಇದೆ. ಭಾರತದ ಥೆರಪಿಸ್ಟ್‌ಗಳ ಸಂಘ ಇಂಡಿಯನ್ ಅಸೋಸಿಯೇಶನ್ ಆಫ್ ರೆಸ್ಪಿರೇಟರಿ ಕೇರ್ ತನ್ನದೇ ಪತ್ರಿಕೆಯನ್ನು 2012ರಿಂದ ಹೊರತರುತ್ತಿದೆ. ಆದರೆ ತಾಲೂಕು ಮಟ್ಟದ ಆಸ್ಪತ್ರೆಗಳಲ್ಲಿ ವೆಂಟಿಲೇಟರ್ ಕೆಲಸವನ್ನು ಸಾಮಾನ್ಯವಾಗಿ ಅರಿವಳಿಕೆ ತಜ್ಞರು, ವೈದ್ಯರು, ದಾದಿಯರೇ ಹಂಚಿಕೊಂಡು ಮಾಡುತ್ತಾರೆ. 'ಓದಿ ಬಂದು ಊರಲ್ಲೇ ಸರಕಾರಿ ಕೆಲಸ' ಎಂಬ ಆಸೆಯಿಂದ ಈ ಕೋರ್ಸ್‌ಗೆ ಸೇರುವುದು ಸದ್ಯಕ್ಕೆ ಜಾಣತನ ಅಲ್ಲ.

ಜಿಲ್ಲೆಗೆ ಇವರ ಅಗತ್ಯ ಇಲ್ಲವೆಂದಲ್ಲ. ಕಾರ್ಕಳ ಕಡೆ ಕಗ್ಗಲ್ಲು ಕೋರೆ, ಕ್ರಷರ್ ಧೂಳು. ಆ ಧೂಳಿನ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಬರುವ ಸಿಲಿಕೋಸಿಸ್‌ಗೆ ಗುಣಪಡಿಸುವ ಮದ್ದಿಲ್ಲ, ಬೇಗ ಪತ್ತೆ ಹಚ್ಚುವುದೊಂದೇ ದಾರಿ, ಅದಕ್ಕೆ ಎಕ್ಸ್‌ರೇ ಜತೆ ಸ್ಪೈರೋಮೆಟ್ರಿ ಬೇಕು. ಊರೂರಲ್ಲಿ ಬೀಡಿ ಕಟ್ಟಿದ ತಾಯಂದಿರು, ಗೇರುಬೀಜ ಕಾರ್ಖಾನೆಯ ಹೊಗೆ, ಒಲೆಯ ಹೊಗೆ, ಮಳೆಗಾಲದ ದಮ್ಮು. ರಸ್ತೆ ಅಪಘಾತದ ತಲೆಪೆಟ್ಟು, ಮಲ್ಪೆ ಕಡಲಲ್ಲಿ ಮುಳುಗಿ ಬದುಕಿದವರು, ಹಾವು ಕಚ್ಚಿ ಉಸಿರಾಟದ ಸ್ನಾಯು ಸೋತವರು. ಇವರಿಗೆಲ್ಲ ಮೊದಲ ಒಂದೆರಡು ಗಂಟೆ ಸಿಗುವ ಉಸಿರಿನ ಆರೈಕೆ ಮುಖ್ಯ. ಇಷ್ಟು ಮಂದಿ ಥೆರಪಿಸ್ಟ್‌ಗಳನ್ನು ತಯಾರಿಸುವ ಜಿಲ್ಲೆಯ ತಾಲೂಕು ಆಸ್ಪತ್ರೆಗಳಲ್ಲಿ ತಲಾ ಒಂದು ಹುದ್ದೆ ಕೇಳುವುದು ಅತಿಯಾಸೆ ಏನಲ್ಲ. ಜನಪ್ರತಿನಿಧಿಗಳ ಮುಂದೆ ಸೇತುವೆ, ರಸ್ತೆಯ ಮನವಿ ಇಡುವಾಗ ಇದನ್ನೂ ಸೇರಿಸಬಹುದು.

ವಿದೇಶದ ಆಸೆಯವರಿಗೆ ನಾಲ್ಕು ಮಾತು. ಕೊಲ್ಲಿ ರಾಷ್ಟ್ರಗಳಲ್ಲಿ ಈ ಹುದ್ದೆ ಹೆಸರಿಟ್ಟು ಇದೆ. ಸೌದಿಯಲ್ಲಾಗಲಿ ದುಬೈಯಲ್ಲಾಗಲಿ ಪ್ರಮಾಣಪತ್ರಗಳ ಡೇಟಾಫ್ಲೋ ಪರಿಶೀಲನೆ, ಪರವಾನಗಿ ಪರೀಕ್ಷೆ ದಾಟಬೇಕು, ಸಾಮಾನ್ಯವಾಗಿ ಅನುಭವವನ್ನೂ ಕೇಳುತ್ತಾರೆ. ಅಮೆರಿಕದಲ್ಲಿ ವೃತ್ತಿ ದೊಡ್ಡದು, ಆದರೆ ಅಲ್ಲಿನ ಪರವಾನಗಿ ಪರೀಕ್ಷೆಗೆ ಕೂರಲು ಅಲ್ಲಿನ ಕೋಆರ್ಕ್ ಮಾನ್ಯತೆಯ ಕೋರ್ಸ್ ಮಾಡಿರಬೇಕು, ಇಲ್ಲಿನ ಪದವಿ ಹಿಡಿದು ನೇರ ಹೋಗಲಾಗದು. ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಇದು ಪ್ರತ್ಯೇಕ ವೃತ್ತಿಯಾಗಿ ಬೆಳೆದೇ ಇಲ್ಲ, ಅಲ್ಲಿ ಹೆಚ್ಚಾಗಿ ನರ್ಸ್, ಫಿಸಿಯೋಗಳೇ ಈ ಕೆಲಸ ಮಾಡುವುದು. 'ಲಂಡನ್‌ನಲ್ಲಿ ಗ್ಯಾರಂಟಿ ಕೆಲಸ' ಅನ್ನುವ ಏಜೆನ್ಸಿಗೆ ಹಣ ಕೊಡುವ ಮೊದಲು ಇದು ನೆನಪಿರಲಿ.

ಮೆಡಿಕಲ್ ಅಂಗಡಿ, ಬಾಡಿಗೆ ಆಕ್ಸಿಜನ್‌ನವರಿಗೆ

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಥೆರಪಿಸ್ಟ್ ಜತೆ ಬರುವುದಿಲ್ಲ, ಜನ ಕೇಳುವುದು ಅಂಗಡಿಯವರನ್ನೇ. ಕೆಲವು ಸಂಗತಿ ತಿಳಿದಿರಲಿ. 5 ಲೀಟರಿನ ಕಾನ್ಸಂಟ್ರೇಟರ್ ಕರೆಂಟ್ ಹೋದರೆ ನಿಲ್ಲುತ್ತದೆ, ಮಳೆಗಾಲದಲ್ಲಿ ಬಾಡಿಗೆಗೆ ಕೊಡುವಾಗ ಜತೆಗೊಂದು ಸಣ್ಣ ಸಿಲಿಂಡರ್ ಇಟ್ಟುಕೊಳ್ಳಲು ಹೇಳಬೇಕು. ಆಮ್ಲಜನಕ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಆದರೆ ಪಕ್ಕದ ಬೆಂಕಿಯನ್ನು ಭಯಂಕರವಾಗಿ ಉರಿಸುತ್ತದೆ. ದೇವರ ದೀಪ, ಬೀಡಿ, ಗ್ಯಾಸ್ ಒಲೆ ಆ ಕೋಣೆಯಲ್ಲಿ ಬೇಡ. ಸಿಲಿಂಡರಿನ ವಾಲ್ವ್‌ಗೆ ಎಣ್ಣೆ, ಗ್ರೀಸ್ ಹಚ್ಚಲೇಬಾರದು.

ಪಂಪ್ ಇನ್‌ಹೇಲರ್ ಕೊಡುವಾಗ ಎರಡು ನಿಮಿಷ ತೋರಿಸಿಕೊಟ್ಟರೆ ಮದ್ದು ನಾಲಗೆಯ ಮೇಲೆ ಕೂರದೆ ಎದೆಗೆ ಇಳಿಯುತ್ತದೆ. ಚೆನ್ನಾಗಿ ಕುಲುಕಬೇಕು, ಉಸಿರು ಪೂರ್ತಿ ಹೊರಗೆ ಬಿಡಬೇಕು, ನಿಧಾನ ಒಳಗೆ ಎಳೆಯಲು ಶುರು ಮಾಡಿದ ಹಾಗೇ ಒತ್ತಬೇಕು, 10 ಎಣಿಸುವ ತನಕ ಹಿಡಿದಿಡಬೇಕು. ಮಕ್ಕಳಿಗೆ, ಮುದುಕರಿಗೆ ಸ್ಪೇಸರ್ ಇದ್ದರೆ ಒಳ್ಳೆಯದು. ಸ್ಟೀರಾಯ್ಡ್ ಇನ್‌ಹೇಲರ್ ಆದರೆ ಆಮೇಲೆ ಬಾಯಿ ಮುಕ್ಕಳಿಸಬೇಕು. ಪುಡಿ ತುಂಬಿದ ಕ್ಯಾಪ್ಸೂಲ್ ಮಾದರಿಯದ್ದಕ್ಕೆ ಇದರ ಉಲ್ಟಾ: ಜೋರಾಗಿ, ಬೇಗ ಎಳೆಯಬೇಕು. ಇನ್‌ಹೇಲರ್ ಚಟವಾಗುತ್ತದೆ ಅಂತ ಊರಲ್ಲಿ ಇರುವ ಮಾತು ಸುಳ್ಳು.

ಅರ್ಜಿ ಹಾಕುವವರು ಈಗಲೇ ಮಾಡಬೇಕಾದ್ದು

ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಸಿದ್ಧವಿರಲಿ. ಆದಾಯ ಪತ್ರ ಹಳತಾಗಿದ್ದರೆ ನಾಡ ಕಚೇರಿಯಲ್ಲಿ ಫಲಿತಾಂಶಕ್ಕೆ ಮೊದಲೇ ಹೊಸತು ಮಾಡಿಸುವುದು ಉತ್ತಮ, ಜೂನ್‌ನಲ್ಲಿ ಕ್ಯೂ ಉದ್ದ. ಅಂಕಪಟ್ಟಿಯಲ್ಲಿನ ಹೆಸರೂ ಆಧಾರ್‌ನ ಹೆಸರೂ ಒಂದೇ ಇರಬೇಕು. ಮುಂದೆ ನೋಂದಣಿಗೂ, ವಿದೇಶದ ಪರಿಶೀಲನೆಗೂ ಇದರಲ್ಲೇ ಹೆಚ್ಚಿನವರು ಸಿಕ್ಕಿಬೀಳುವುದು. ಮಣಿಪಾಲದ ಕಾಲೇಜಿಗೆ ಅರ್ಜಿ ಮಾಹೆಯ ವೆಬ್‌ಸೈಟಿನಲ್ಲೇ ಹಾಕಬೇಕು, ಮಧ್ಯವರ್ತಿ ಬೇಡ. ಹಾಕುವ ಮೊದಲು, ಪರಿಚಯದವರು ಯಾರಾದರೂ ಇದೇ ಕೋರ್ಸಿನ ಮೂರನೇ ಅಥವಾ ನಾಲ್ಕನೇ ವರ್ಷದಲ್ಲಿದ್ದರೆ, ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಅವರನ್ನು ಮಾತಾಡಿಸಬೇಕು. ಮೊದಲ ವರ್ಷದವರ ಹತ್ತಿರ ಕೇಳಿ ಪ್ರಯೋಜನ ಇಲ್ಲ, ಅವರಿನ್ನೂ ಐಸಿಯು ಬಾಗಿಲು ದಾಟಿರುವುದಿಲ್ಲ.